ಅಟ್ಟದಲ್ಲಿ ಸಿಕ್ಕಿದ ಬಾಲ ಇರುವ ರಿಮೋಟ್: ನಿಮ್ಮ ಮನೆಗೆ ಮೊದಲು ಬಂದದ್ದು ಯಾವುದು?

ಅಟ್ಟದ ಬೆಕ್ಕು:
ಹೋದ ವಾರ ಮೈಸೂರಿನ ಮನೆಗೆ ಸುಣ್ಣಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡಿದೆವು. ಹಿತ್ತಾಳೆ ಕೊಳಗದ ಹಿಂದೆ ಒಂದು ಚಪ್ಪಲಿ ಡಬ್ಬ ಇತ್ತು, ಒಳಗೆ ಎರಡು ರಿಮೋಟ್. ಒಂದು 1991ರಲ್ಲಿ ತಂದ ಕಲರ್ ಟಿವಿಯದು. ಅಂಗಡಿಯವರು ಹಾಕಿದ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದೆ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇನ್ನೊಂದು ವಿಸಿಆರ್‌ದು, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಕ್ಯಾಸೆಟ್ ನೋಡುವ, ರೆಕಾರ್ಡ್ ಮಾಡುವ ಯಂತ್ರದ್ದು. ಆ ರಿಮೋಟ್‌ಗೆ ಬಾಲ ಇದೆ. ತಮಾಷೆಯಲ್ಲ, ಸುಮಾರು ಐದು ಮೀಟರ್ ಕಪ್ಪು ವೈರ್, ತುದಿಯಲ್ಲಿ ಹೆಡ್‌ಫೋನ್ ಪಿನ್ನಿನ ತರಹದ ಒಂದು ಪಿನ್.

ವಿಸಿಆರ್ ಕೂಡ ಇದೆ, ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದಾರೆ. ಅಪ್ಪ 1986ರಲ್ಲಿ ಸಿಂಗಪುರದಿಂದ ಬಂದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈ ವೈರ್ ರಿಮೋಟ್‌ನಿಂದಾಗಿ ನನಗೆ ಹತ್ತು ವರ್ಷವಿದ್ದಾಗ ಬಿದ್ದ ಏಟು ಇವತ್ತಿಗೂ ನೆನಪಿದೆ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಎರಡು ಪ್ರಶ್ನೆ. ಇದನ್ನು ಮತ್ತೆ ಓಡಿಸಬಹುದಾ? ಮತ್ತೆ, ನಿಮ್ಮ ಮನೆಗೆ ಬಂದ ಮೊದಲ ರಿಮೋಟ್ ಯಾವುದು? "ನಮ್ಮನೇಲಿ ನಾನೇ ರಿಮೋಟ್" ಅನ್ನುವ ಜೋಕ್ ಮಾತ್ರ ದಯವಿಟ್ಟು ಬೇಡ, ಅದನ್ನು ಎಲ್ಲರೂ ಹೇಳಿ ಮುಗಿಸಿದ್ದಾರೆ.

ವಠಾರದ ಹುಡುಗ:
ಜೋಕ್ ಬೇಡ ಅಂದ್ರಿ, ಅರ್ಧ ಜನ ವಾಪಸ್ ಹೋದರು ನೋಡಿ 😄

ಸೋಲ್ಡರ್ ಹೊಗೆ:
ಸರ್, ಮೊದಲು ಒಂದು ಮಾತು. ಆ ವಿಸಿಆರ್‌ಗೆ ಕ್ಯಾಸೆಟ್ ಹಾಕಬೇಡಿ, ಕರೆಂಟೂ ಕೊಡಬೇಡಿ. ಇಷ್ಟು ವರ್ಷ ಸುಮ್ನೆ ಬಿದ್ದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಆಗಿರುತ್ತದೆ. ಟೇಪ್ ಒಳಗೆ ಹೋದರೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ, ತೆಗೆಯುವಾಗ ನೀವೇ ಅಳುತ್ತೀರಿ.

ಹಾಸನದಲ್ಲಿ 1989ರಿಂದ ನನ್ನ ರಿಪೇರಿ ಅಂಗಡಿ ಇದೆ, ಇಂಥ ವೈರ್ ರಿಮೋಟ್ ಬೇಕಾದಷ್ಟು ಬಿಚ್ಚಿದ್ದೇನೆ. ಹೆಚ್ಚಿನವುಗಳ ಒಳಗೆ ಐಸಿ ಗೀಸಿ ಏನೂ ಇರುವುದಿಲ್ಲ. ಒಂದೊಂದು ಬಟನ್‌ಗೆ ಒಂದೊಂದು ಬೆಲೆಯ ರೆಸಿಸ್ಟರ್ (ಕರೆಂಟಿಗೆ ಅಡ್ಡಿ ಮಾಡುವ ಪುಟ್ಟ ಬಿಡಿಭಾಗ), ಅಷ್ಟೇ. ವೈರಿನ ಆ ತುದಿಯಲ್ಲಿ ಎಷ್ಟು ರೆಸಿಸ್ಟೆನ್ಸ್ ಇದೆ ಅಂತ ವಿಸಿಆರ್ ಅಳೆದು, ಇದು ಪ್ಲೇ, ಇದು ರಿವೈಂಡ್ ಅಂತ ತಿಳಿದುಕೊಳ್ಳುತ್ತದೆ. ಹಾಗಾಗಿ ಎಷ್ಟು ಬಟನ್ ಇದ್ದರೂ ಎರಡೇ ತಂತಿ ಸಾಕು. ಇನ್ನೂ ಹಳೆಯದಾದರೆ ಒಂದೇ ಒಂದು ಪಾಸ್ (pause, ಟೇಪನ್ನು ತಾತ್ಕಾಲಿಕವಾಗಿ ನಿಲ್ಲಿಸುವ) ಸ್ವಿಚ್ ಇರುತ್ತಿತ್ತು, ಕಾಲಿಂಗ್ ಬೆಲ್ ಸ್ವಿಚ್ಚಿನಷ್ಟೇ ಸರಳ. ಬಟನ್ ಕೆಳಗೆ ಕಿಲುಬು ಹಿಡಿದರೆ ಲೆಕ್ಕ ತಪ್ಪುತ್ತದೆ. ಒಬ್ಬರ ಮನೆಯಲ್ಲಿ ಪ್ಲೇ ಒತ್ತಿದರೆ ರಿವೈಂಡ್ ಆಗುತ್ತಿತ್ತು, ಅವರು ಯಾರೋ ಮಾಟ ಮಾಡಿಸಿದ್ದಾರೆ ಅಂತಲೇ ನಂಬಿದ್ದರು. ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ ಕೊಟ್ಟೆ. ಮಾಟ ಹೋಯಿತು, 15 ರೂಪಾಯಿಗೆ.

ಕುಂದಾಪ್ರ ಗಾಳಿ:
ನಮ್ಮ ಕಡೆ ಕಥೆ ಉಲ್ಟಾ. ನಮ್ಮೂರಿಗೆ ದೂರದರ್ಶನದ ಸಿಗ್ನಲ್ ಸರಿಯಾಗಿ ಬರುವ ಮೊದಲೇ ವಿಸಿಆರ್ ಬಂದಿತ್ತು. ದೊಡ್ಡ ಮಾವ ದುಬೈಯಲ್ಲಿದ್ದರು. ಊರಿಗೆ ಬರುವಾಗ ಟಿವಿ, ಡೆಕ್ (ವಿಸಿಆರ್‌ಗೆ ನಾವು ಹೇಳುತ್ತಿದ್ದದ್ದು ಹಾಗೆ), ಟು ಇನ್ ಒನ್, ಟಾಂಗ್ ಪುಡಿ, ಎಲ್ಲಾ ಒಂದೇ ಸಲ. ಟಿವಿ ಅಂದರೆ ನಮಗೆ ಕ್ಯಾಸೆಟ್ ನೋಡುವ ಗಾಜು, ಅಷ್ಟೇ. ಅದಕ್ಕೆ ಬೇರೆ ಕೆಲಸವೂ ಇದೆ ಅಂತ ಗೊತ್ತಾಗಿದ್ದು ತೆಂಗಿನ ಮರದಷ್ಟು ಎತ್ತರಕ್ಕೆ ಪೈಪ್ ನಿಲ್ಲಿಸಿ ಆಂಟೆನಾ ಕಟ್ಟಿದ ಮೇಲೆ.

ಮಾವನ ಡೆಕ್ಕಿಗೆ ವೈರ್ ಇಲ್ಲದ ರಿಮೋಟ್ ಇತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮಾವ ವಾಪಸ್ ಹೋಗುವಾಗ ಶೆಲ್ ಬಿಚ್ಚಿ, ರಿಮೋಟನ್ನು ಗೋದ್ರೇಜ್ ಕಪಾಟಿನಲ್ಲಿಟ್ಟು, ಕೀಲಿಯನ್ನು ಅಜ್ಜಿಯ ಸೊಂಟಕ್ಕೆ ಕೊಟ್ಟು ಹೋದರು. ಎರಡು ವರ್ಷ ರಜೆಯಿಲ್ಲ. ಅಲ್ಲಿಯವರೆಗೆ ನಾವೆಲ್ಲ ಎದ್ದು ಹೋಗಿ ಬಟನ್ ಒತ್ತಿದ್ದೇ. ಅವರು ಬಂದ ದಿನ ಶೆಲ್ ಹಾಕಿ ಕುರ್ಚಿಯಲ್ಲಿ ಕೂತು ದೂರದಿಂದ ಪ್ಲೇ ಮಾಡಿದರೆ ಅಂಗಳದಲ್ಲಿ ನಿಂತ ನೆರೆಕೆರೆಯವರೆಲ್ಲ ಟಿವಿ ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದರು.

ಜೋಳದ ರೊಟ್ಟಿ:
ನೀವೆಲ್ಲಾ ಸಣ್ಣವರು ಬಿಡ್ರಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ಕ್ಕೆ. ನಮ್ಮ ಕಲಬುರಗಿ ಕಡೆ ಹಳ್ಳಿಯೊಳಗ 1975ಕ್ಕೇ ಟಿವಿ ನೋಡಿದ್ದೇವೆ! ಸೈಟ್ ಅಂತ ಯೋಜನೆ, ಅಮೆರಿಕದ ಉಪಗ್ರಹದಿಂದ ನೇರ ಹಳ್ಳಿಗೆ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆಯಿತು. ಮನೆ ಮೇಲೆ ಕೊಡೆ ಮಗುಚಿ ಇಟ್ಟಂಥ ಜಾಲರಿ ಆಂಟೆನಾ. ಬೆಂಗಳೂರಿನವರು ಟಿವಿ ಹೆಸರು ಕೇಳಿದ್ದಷ್ಟೇ ಆಗ.

ರಿಮೋಟ್ ವಿಷಯ ಕೇಳಿದಿರಿ. ನಮ್ಮ ಸಾಲಿಯೊಳಗಿನ ಟಿವಿಗೆ ರಿಮೋಟ್ ಅಂದರೆ ಮಾಸ್ತರರ ಹತ್ತಿರ ಇದ್ದ ಕೋಣೆಯ ಕೀಲಿ. ಅವರು ಊರಿಗೆ ಹೋದರೆ ಊರಿಗೆಲ್ಲ ಟಿವಿ ಬಂದ್. (ಇದು ನಿಮ್ಮ ನಿಷೇಧಿತ ಜೋಕಿನ ಲೆಕ್ಕಕ್ಕೆ ಬರುತ್ತೇನು? ಬಂದರೆ ಬರಲಿ.)

ಒಗ್ಗರಣೆ ಡಬ್ಬಿ:
ಬರಲ್ಲ ಸರ್, ಮಾಸ್ತರರು ರಿಮೋಟ್ ಅಂದರೆ ಅದು ಹೊಸದು 😊

ನಂದು ಸ್ವಲ್ಪ ಬೇರೆ ಪ್ರಶ್ನೆ. ಒಂದೇ ಚಾನೆಲ್ ಇದ್ದ ಕಾಲದಲ್ಲಿ ರಿಮೋಟ್ ಯಾಕೆ ಬೇಕಿತ್ತು? ನಮ್ಮ ದಾವಣಗೆರೆ ಮನೆಗೆ 1988ರಲ್ಲಿ ರಿಮೋಟ್ ಇರುವ ಟಿವಿ ಬಂತು. ಅಪ್ಪ ಅದಕ್ಕೆಂದೇ ಜಾಸ್ತಿ ದುಡ್ಡು ಕೊಟ್ಟರು. ಇದ್ದದ್ದು ದೂರದರ್ಶನ ಒಂದೇ. ಹಿಂದಿ ವಾರ್ತೆ ಬಂದಾಗ ಸೌಂಡ್ ಕಮ್ಮಿ ಮಾಡುವುದು, ಕನ್ನಡ ಬಂದಾಗ ಜಾಸ್ತಿ ಮಾಡುವುದು, ಇಷ್ಟಕ್ಕೇ ಆ ರಿಮೋಟ್. ಆಫ್ ಮಾಡಲೂ ಆಗುತ್ತಿರಲಿಲ್ಲ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಕೆಂಪು ದೀಪ ಉರಿಯುತ್ತಲ್ವಾ, ಅಜ್ಜಿಗೆ ಅದು ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಎದ್ದು ಹೋಗಿ ಸ್ಟೆಬಿಲೈಸರ್ ಆಫ್, ಗೋಡೆ ಸ್ವಿಚ್ ಆಫ್, ಮೇಲೆ ಕಸೂತಿ ಹಾಕಿದ ಬಟ್ಟೆ. ಎಲ್ಲಾ ಆದ ಮೇಲೆ ದೂರದಿಂದ ರಿಮೋಟ್ ಒತ್ತಿ ಏನು ಪ್ರಯೋಜನ?

ಆಯುಧ ಪೂಜೆಗೆ ಮಾತ್ರ ಅದಕ್ಕೆ ಮೊದಲ ಮರ್ಯಾದೆ. ಹೊಲಿಗೆ ಮೆಷಿನ್, ಈಳಿಗೆಮಣೆ, ಅಪ್ಪನ ಸ್ಕೂಟರ್, ರಿಮೋಟ್. ಎಲ್ಲಕ್ಕೂ ಅರಿಶಿನ ಕುಂಕುಮ.

ಸೋಲ್ಡರ್ ಹೊಗೆ:
ಮೇಡಂ, ನಿಮ್ಮ ಆಯುಧ ಪೂಜೆಯಿಂದಲೇ ನನ್ನ ದೀಪಾವಳಿ ನಡೆಯುತ್ತಿತ್ತು! ವಿಜಯದಶಮಿ ಮುಗಿದ ಮಾರನೇ ವಾರ ರಿಮೋಟ್‌ಗಳು ಸಾಲುಗಟ್ಟಿ ಬರುತ್ತಿದ್ದವು. ಬಿಚ್ಚಿದರೆ ಒಳಗೆಲ್ಲ ಕುಂಕುಮ. ಬಟನ್ ಅಡಿ ರಬ್ಬರ್ ಶೀಟ್ ಇರುತ್ತದೆ, ಅದರ ತಳದಲ್ಲಿ ಒಂದೊಂದು ಕಪ್ಪು ಕಾರ್ಬನ್ ಚುಕ್ಕಿ. ಆ ಚುಕ್ಕಿ ಹೋಗಿ ಬೋರ್ಡಿನ ಗೆರೆಗಳಿಗೆ ತಾಗಿದರೆ ಕೆಲಸ. ನಡುವೆ ಕುಂಕುಮವೋ ಚಕ್ಕುಲಿ ಪುಡಿಯೋ ಸೇರಿದರೆ ಮುಗಿಯಿತು. ಜನ ಇನ್ನೂ ಜೋರಾಗಿ ಒತ್ತುತ್ತಾರೆ, ಚುಕ್ಕಿ ಸವೆಯುತ್ತದೆ. ಯಾವಾಗಲೂ ಮೊದಲು ಸಾಯುವುದು ವಾಲ್ಯೂಮ್ ಬಟನ್. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ಸಣ್ಣದಾಗಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದೆ. ಕೆಲವರು ಪೆನ್ಸಿಲ್‌ನಲ್ಲಿ ಗೀಚಿ ಓಡಿಸುತ್ತಿದ್ದರು, ಅದು ನಾಲ್ಕು ದಿನಕ್ಕೆ ಸಾಕು.

ನೆಲಕ್ಕೆ ಬಿದ್ದು ಪೂರ್ತಿ ಸತ್ತ ರಿಮೋಟ್‌ನದು ಬೇರೆ ಕಾಯಿಲೆ. ಒಳಗೆ ಕಡಲೆಬೀಜದ ಗಾತ್ರದ್ದು, ರಿಮೋಟ್‌ಗೆ ತಾಳ ಹಾಕಿಕೊಡುವ ರೆಸೋನೇಟರ್ ಅಂತ ಇರುತ್ತದೆ, ಹೆಚ್ಚಾಗಿ 455 ಕಿಲೊಹರ್ಟ್ಸ್‌ದು. ಅದರೊಳಗಿನ ಸೆರಾಮಿಕ್ ಬಿಲ್ಲೆ ಬಿದ್ದ ಪೆಟ್ಟಿಗೆ ಒಡೆಯುತ್ತದೆ. 455ನ್ನು 12ರಿಂದ ಭಾಗಿಸಿದರೆ ಸುಮಾರು 38 ಬರುತ್ತದಲ್ಲ, ರಿಮೋಟ್ ದೀಪ ಸೆಕೆಂಡಿಗೆ ಅಷ್ಟು ಸಾವಿರ ಸಲ ಮಿಟುಕುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಈಗ ಮೊಬೈಲ್ ಕ್ಯಾಮೆರಾ ಎದುರು ಹಿಡಿದರೆ ನೇರಳೆ ಬೆಳಕು ಕಾಣುತ್ತದೆ. ಆಗ ಮೊಬೈಲ್ ಎಲ್ಲಿತ್ತು? ನಾವು ಮೀಡಿಯಂ ವೇವ್ ರೇಡಿಯೊ ಪಕ್ಕ ರಿಮೋಟ್ ಹಿಡಿದು ಒತ್ತುತ್ತಿದ್ದೆವು. ಜೀವ ಇದ್ದರೆ ರೇಡಿಯೊ ಟರ್ರ್ ಅನ್ನುತ್ತದೆ. ಪಾಪ ಆಕಾಶವಾಣಿ, ಕೃಷಿರಂಗದ ನಡುವೆ ದಿನಾ ಈ ಟರ್ರ್.

ವಠಾರದ ಹುಡುಗ:
ರೇಡಿಯೊ ಉಪಾಯ ಇವತ್ತೇ ಮಾಡಿ ನೋಡಿದೆ. ನಿಜ! ಹೆಂಡತಿ ಬಂದು "ಏನ್ರೀ ಇದು" ಅಂದಳು.

ಚಾಮರಾಜಪೇಟೆಯ ವಠಾರದಲ್ಲಿ ಒಂದೇ ಸಾಲಿಗೆ ಎಂಟು ಮನೆ ನಮ್ಮದು. 1992, 93ರ ಹೊತ್ತಿಗೆ ಮೂರು ಮನೆಯಲ್ಲಿ ಒಂದೇ ಕಂಪನಿ ಟಿವಿ. ನಮ್ಮ ರಿಮೋಟ್ ಎದುರು ಮನೆ ಕಿಟಕಿ ಕಡೆ ಹಿಡಿದು ಒತ್ತಿದೆ, ಸುಮ್ನೆ ನೋಡೋಣ ಅಂತ. ಅವರ ಚಾನೆಲ್ ಬದಲಾಯಿತು! ಆಮೇಲೆ ಒಂದು ತಿಂಗಳು ಅದೇ ಉದ್ಯೋಗ. ಆ ಮನೆಯ ಯಜಮಾನರು ಇಂಗ್ಲಿಷ್ ವಾರ್ತೆ ನೋಡುತ್ತಾ ಕೂತಿದ್ದರೆ ನಾನು ಕತ್ತಲಲ್ಲಿ ನಿಂತು ಹಾಡಿನ ಚಾನೆಲ್ ಹಾಕುವುದು. ಪಾಪ, ಅವರು ಟಿವಿ ತಲೆ ಮೇಲೆ ಬಡಿದು, ಕೇಬಲ್ ಹುಡುಗನಿಗೆ ಬೈದು, ಕೊನೆಗೆ ಮೆಕ್ಯಾನಿಕ್ ಕರೆಸಿದರು. ಮೆಕ್ಯಾನಿಕ್ ಬಂದಾಗ ನಾನು ಒತ್ತಲಿಲ್ಲ. ಅವನು 50 ರೂಪಾಯಿ ತೆಗೆದುಕೊಂಡು ಹೋದ. ಅವನ ಸೈಕಲ್ ಗೇಟು ದಾಟಿದ ಕೂಡಲೇ ಒತ್ತಿದೆ.

ಕಾರಣ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಫಿಲಿಪ್ಸ್‌ನವರು ಆರ್‌ಸಿ-5 ಅಂತ ಒಂದು ಸಂಕೇತ ಮಾಡಿದ್ದರು, ಬೇಕಾದಷ್ಟು ಕಂಪನಿಗಳು ಅದನ್ನೇ ಬಳಸಿದವು. ಒಂದು ಸಲ ಒತ್ತಿದರೆ 14 ಬಿಟ್, ಅಂದರೆ 0 ಅಥವಾ 1ರ ಹದಿನಾಲ್ಕು ಗುರುತು, ಹೋಗುತ್ತದೆ. ಅದರಲ್ಲಿ ಐದು ಬಿಟ್ ವಿಳಾಸ: 0 ಅಂದರೆ ಟಿವಿ, 5 ಅಂದರೆ ವಿಸಿಆರ್. ಅಷ್ಟೇ! ಯಾರ ಮನೆ ಟಿವಿ ಅಂತ ಅದರಲ್ಲಿ ಇಲ್ಲ. ಎಲ್ಲಾ ಟಿವಿಗೂ ಒಂದೇ ಮನೆ ನಂಬರ್ ಕೊಟ್ಟು ಪೋಸ್ಟ್ ಹಾಕಿದ ಹಾಗೆ. ಇನ್ನೊಂದು ಬಿಟ್ ಇರುತ್ತದೆ, ಬೆರಳು ಎತ್ತಿ ಮತ್ತೆ ಒತ್ತಿದಾಗ ಮಾತ್ರ ಬದಲಾಗುತ್ತದೆ. 11 ಹಾಕಲು ನೀವು 1ನ್ನು ಎರಡು ಸಲ ಒತ್ತಿದಿರೋ, ಒಂದೇ ಸಲ ಒತ್ತಿ ಹಿಡಿದಿರೋ, ನಡುವೆ ಯಾರೋ ಕಾಫಿ ಲೋಟ ಹಿಡಿದು ಅಡ್ಡ ಹೋದರೋ ಅಂತ ಟಿವಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ನಮ್ಮನೆಗಳನ್ನು ನೋಡಿಯೇ ಇದನ್ನು ಮಾಡಿದ್ದಾರೆ ಅನ್ನಿಸಿತು.

ಕುಂದಾಪ್ರ ಗಾಳಿ:
ಆ ಯಜಮಾನರಿಗೆ ಆಮೇಲಾದರೂ ಹೇಳಿದ್ರಾ ಮಾರಾಯ್ರೇ?

ವಠಾರದ ಹುಡುಗ:
ಇಲ್ಲ. ನನ್ನ ಮದುವೆಗೆ ಬಂದು ಆಶೀರ್ವಾದ ಮಾಡಿ ಗೋಡೆ ಗಡಿಯಾರ ಕೊಟ್ಟು ಹೋದರು. ಅವತ್ತು ಹೇಳಬೇಕಿತ್ತು.

ಶಿಕಾಗೊ ಚಳಿ:
ತಡವಾಗಿ ಬಂದೆ, ಇಲ್ಲಿ ಈಗ ಬೆಳಗಾಯಿತು. ವೈರ್ ರಿಮೋಟ್ ವಿಸಿಆರ್ ಕಾಲದ್ದು ಅಂತ ನೀವೆಲ್ಲ ಮಾತಾಡುತ್ತಿದ್ದೀರಿ. ಅದು ಬಹಳ ಹಳೆಯದು. ಇಲ್ಲಿನ ಝೆನಿತ್ ಕಂಪನಿ 1950ರಲ್ಲೇ ವೈರ್ ರಿಮೋಟ್ ಮಾರಿತ್ತು. ಹೆಸರು ಲೇಜಿ ಬೋನ್ಸ್, ಅಂದರೆ ನಮ್ಮ ಭಾಷೆಯಲ್ಲಿ ಸೋಂಬೇರಿ! ಗಿರಾಕಿಯನ್ನೇ ಸೋಂಬೇರಿ ಅಂತ ಕರೆದು ಮಾರಿದ ಧೈರ್ಯ ನೋಡಿ. ಜನ ಆ ವೈರ್ ಎಡವಿ ಬೀಳುತ್ತಿದ್ದರು. ಅದಕ್ಕೆ 1955ರಲ್ಲಿ ಯೂಜೀನ್ ಪೊಲಿ ಎಂಬ ಇಂಜಿನಿಯರ್ ವೈರ್ ಇಲ್ಲದ್ದು ಮಾಡಿದ. ನೋಡಲು ಪಿಸ್ತೂಲಿನ ಹಾಗೆ. ಟಿವಿ ಪರದೆಯ ನಾಲ್ಕು ಮೂಲೆಯಲ್ಲಿ ಬೆಳಕಿಗೆ ಸ್ಪಂದಿಸುವ ಫೋಟೊಸೆಲ್, ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ. ತೊಂದರೆ ಏನೆಂದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು.

ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಶಬ್ದದ ರಿಮೋಟ್ ತಂದ. ಅದು ನನ್ನ ಹತ್ತಿರ ಇದೆ! ಹಳೆ ಸಾಮಾನು ಮಾರುವ ಮನೆಯೊಂದರಲ್ಲಿ ಸಿಕ್ಕಿತು. ಇದಕ್ಕೆ ಶೆಲ್ಲೇ ಬೇಡ. ಒಳಗೆ ನಾಲ್ಕು ಅಲ್ಯೂಮಿನಿಯಂ ಸರಳು, ಒಂದೊಂದು ಎರಡೂವರೆ ಇಂಚು. ಬಟನ್ ಒತ್ತಿದರೆ ಪುಟ್ಟ ಸುತ್ತಿಗೆ ಸರಳಿಗೆ ಹೊಡೆಯುತ್ತದೆ. ಜಲತರಂಗ ಇದ್ದ ಹಾಗೆ, ಆದರೆ ಸ್ವರ ನಮಗೆ ಕೇಳಿಸುವುದಿಲ್ಲ, ಸುಮಾರು 40 ಕಿಲೊಹರ್ಟ್ಸ್. ನಮಗೆ ಕೇಳುವುದು ಬಟನ್ನಿನ ಕ್ಲಿಕ್ ಮಾತ್ರ. ಇಲ್ಲಿನ ಹಳಬರು ಇವತ್ತಿಗೂ ರಿಮೋಟ್‌ಗೆ ಕ್ಲಿಕರ್ ಅನ್ನುವುದು ಅದಕ್ಕೇ. ಒತ್ತಿದಾಗ ನನಗೆ ಏನೂ ಕೇಳಲ್ಲ, ಪಕ್ಕದ ಮನೆ ನಾಯಿ ಮಾತ್ರ ಕಿವಿ ನೆಟ್ಟಗೆ ಮಾಡುತ್ತದೆ. ಕೀಲಿಗೊಂಚಲು ಝಣಝಣ ಅಂದರೂ, ಚಿಲ್ಲರೆ ಬಿದ್ದರೂ ಆಗಿನ ಟಿವಿ ಚಾನೆಲ್ ಬದಲಿಸುತ್ತಿತ್ತಂತೆ. ನಮ್ಮಮ್ಮನ ಕೈಬಳೆ ಇದ್ದಿದ್ದರೆ ಆ ಟಿವಿ ಒಂದು ಚಾನೆಲ್ಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಈಗಿನ ರಿಮೋಟ್‌ನ ಕಣ್ಣಿಗೆ ಕಾಣದ ಬೆಳಕು, ಇನ್‌ಫ್ರಾರೆಡ್, ಬರುವವರೆಗೆ ಸುಮಾರು 25 ವರ್ಷ ಇಲ್ಲಿ ನಡೆದದ್ದು ಈ ಶಬ್ದದ ರಿಮೋಟೇ.

ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. 1984ರಲ್ಲಿ ಮೊದಲ ಸಲ ಊರಿಗೆ ಬರುವಾಗ ದಂಡಿಯಾಗಿ ದುಡ್ಡು ಸುರಿದು ಇಲ್ಲಿಂದ ವಿಸಿಆರ್ ಹೊತ್ತು ತಂದೆ. ಇಲ್ಲಿ ಟಿವಿ ಚಿತ್ರದ ಪದ್ಧತಿ ಎನ್‌ಟಿಎಸ್‌ಸಿ, 525 ಗೆರೆ. ಅಲ್ಲಿ ಪಾಲ್, 625 ಗೆರೆ. ಕರೆಂಟೂ ಬೇರೆ, 110 ವೋಲ್ಟ್. ಟ್ರಾನ್ಸ್‌ಫಾರ್ಮರ್ ಹಾಕಿ ಕ್ಯಾಸೆಟ್ ಇಟ್ಟರೆ ಚಿತ್ರ ಗಿರಗಿರ ಮೇಲಕ್ಕೆ ಓಡಿತು. ರಿಮೋಟ್ ಮಾತ್ರ ಸೊಗಸಾಗಿ ಕೆಲಸ ಮಾಡುತ್ತಿತ್ತು. ಅಣ್ಣನ ಮಕ್ಕಳು ಬಾಗಿಲು ತೆಗಿ, ಹಾಕು, ತೆಗಿ, ಹಾಕು ಅಂತ ಕ್ಯಾಸೆಟ್ ನುಂಗಿಸಿ ಉಗುಳಿಸಿ ಆಡಿದರು. ಅಷ್ಟಕ್ಕಾದರೂ ಬಂತು.

ಹಳೇ ಆಂಟೆನಾ:
ಎಷ್ಟು ಚೆಂದದ ಕಾಲ. ಈಗ 500 ಚಾನೆಲ್ ಇದ್ದರೂ ಆ ಖುಷಿ ಇಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದೆವು.

ಒಗ್ಗರಣೆ ಡಬ್ಬಿ:
ಎಲ್ಲರೂ ಅಂದರೆ ಯಾರು ಸರ್? ನಮ್ಮಮ್ಮ ಕೂತಿದ್ದು ನಾನು ನೋಡಿಲ್ಲ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ನೋಡುತ್ತಿದ್ದರು. ಕೇಬಲ್ ಬಂದು, 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ರಿಮೋಟ್‌ಗೆ ನಿಜವಾದ ಕೆಲಸ ಬಂತು, ಜಗಳವೂ ಬಂತು. ಅಪ್ಪನಿಗೆ ಕ್ರಿಕೆಟ್, ಅಣ್ಣನಿಗೆ ಹಾಡು. ರಿಮೋಟ್ ಅಪ್ಪನ ಬನಿಯನ್ ಕೆಳಗೆ, ತೊಡೆ ಸಂದಿಯಲ್ಲಿ. ಮಲಗಿ ಗೊರಕೆ ಹೊಡೆಯುತ್ತಿದ್ದಾಗ ಮೆಲ್ಲಗೆ ಎಳೆದರೆ ಕಣ್ಣು ಮುಚ್ಚಿಕೊಂಡೇ "ನೋಡ್ತಿದೀನಿ" ಅನ್ನುವರು. ಅಮ್ಮನ ಕೈಗೆ ರಿಮೋಟ್ ಮೊದಲು ಬಂದದ್ದು ಅಪ್ಪ ರಿಟೈರ್ ಆಗಿ ಬೆಳಿಗ್ಗೆ ವಾಕಿಂಗ್ ಹೋಗಲು ಶುರು ಮಾಡಿದ ಮೇಲೆ. ಆಗಲೂ ಅಮ್ಮನಿಗೆ ಬರುತ್ತಿದ್ದದ್ದು ಎರಡೇ ಬಟನ್. ಮಿಕ್ಕಿದ್ದಕ್ಕೆ ನಾನು ಉಗುರು ಬಣ್ಣದಲ್ಲಿ ಚುಕ್ಕಿ ಹಾಕಿಕೊಟ್ಟೆ. ಕೆಂಪು ಚುಕ್ಕಿ ಉದಯ, ಗುಲಾಬಿ ಚುಕ್ಕಿ ಸೌಂಡ್.

ಹಳೇ ಆಂಟೆನಾ:
ಅದೂ ನಿಜವೇ ತಾಯಿ. ನಮ್ಮನೆಯಲ್ಲೂ ಹಾಗೇ ಇತ್ತು. ಈಗ ಯೋಚಿಸಿದೆ.

ಜೋಳದ ರೊಟ್ಟಿ:
ಶೆಲ್ ಬಿಸಿಲಿಗೆ ಇಡೋದು ಯಾರೂ ಹೇಳಲೇ ಇಲ್ಲಲ್ಲ! ಮಾಳಿಗಿ ಮೇಲೆ ಶಾವಿಗೆ, ಹಪ್ಪಳ, ನಾಲ್ಕು ಪೆನ್ಸಿಲ್ ಶೆಲ್. ಸಂಜೆಗೆ ಹಾಕಿದರೆ ಒಂದಿಷ್ಟು ದಿನ ನಡೀತಿತ್ತು. ನಮ್ಮ ತಮ್ಮ ಹಲ್ಲಿಲೆ ಕಚ್ಚುತ್ತಿದ್ದ, ಅದು ಸುಳ್ಳೋ ಖರೇನೋ?

ಸೋಲ್ಡರ್ ಹೊಗೆ:
ಖರೇನೇ, ಸ್ವಲ್ಪ. ಹಳೆ ಕಾರ್ಬನ್ ಶೆಲ್‌ಗೆ ಬಿಸಿಲಿನ ಕಾವು ತಾಗಿದರೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ. ಕಚ್ಚಿದರೆ ಒಳಗಿನ ಮಸಾಲೆ ಒತ್ತಿಕೊಂಡು ಉಳಿದಿದ್ದು ಹೊರಗೆ ಬರುತ್ತದೆ. ಆದರೆ ಅದು ಸೋರಿ ಸ್ಪ್ರಿಂಗ್ ತಿಂದು ಹಾಕುತ್ತದೆ, ತಮ್ಮನಿಗೆ ಹೇಳಿ. ಅಟ್ಟದ ಬೆಕ್ಕು ಸರ್, ನಿಮ್ಮ 1991ರ ರಿಮೋಟ್‌ನಲ್ಲಿ ಶೆಲ್ ಬಿಟ್ಟು ಇಟ್ಟಿದ್ದರೆ ಮೊದಲು ಅದನ್ನು ನೋಡಿ. ಮತ್ತೆ ಆ ಏಟಿನ ಕಥೆ ಎಲ್ಲಿ?

ಅಟ್ಟದ ಬೆಕ್ಕು:
ಶೆಲ್ ಸೋರಿ ಹಸಿರಾಗಿದೆ ಸರ್. ಅದು ಹೋಯಿತು.

ಕಥೆ ಹೇಳುತ್ತೇನೆ. 1987ರ ವಿಶ್ವಕಪ್, ಅಕ್ಟೋಬರ್ 31, ನಾಗಪುರದಲ್ಲಿ ನ್ಯೂಜಿಲೆಂಡ್ ಮೇಲೆ ಮ್ಯಾಚ್. ಅಪ್ಪ ಹೊಸ ಕ್ಯಾಸೆಟ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ವೈರ್ ರಿಮೋಟ್ ಅವರ ಕೈಯಲ್ಲಿ. ಜಾಹೀರಾತು ಬಂದಾಗ ಪಾಸ್ ಒತ್ತುವುದು, ಓವರ್ ಶುರುವಾದಾಗ ಮತ್ತೆ ಒತ್ತುವುದು, ಟೇಪ್ ಉಳಿಸಲು. ಒಂದು ಸಲ ಪಾಸ್ ಒತ್ತಿದ್ದಾರೆ, ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದರು. ಮಾತಾಡಿ ವಾಪಸ್ ಬಂದು, ಪಾಸ್ ಬಿಡಿಸಿದೆ ಅಂದುಕೊಂಡು ಕೂತರು. ಆಮೇಲೆ ಚೇತನ್ ಶರ್ಮಾ ಬಂದು ಸಾಲಾಗಿ ಮೂರು ಚೆಂಡಿಗೆ ಮೂವರನ್ನೂ ಬೌಲ್ಡ್ ಮಾಡಿದ. ವಿಶ್ವಕಪ್ಪಿನ ಮೊಟ್ಟಮೊದಲ ಹ್ಯಾಟ್ರಿಕ್! ಮನೆಯೆಲ್ಲ ಕುಣಿದಾಟ. ರಾತ್ರಿ ಹಾಕಿ ನೋಡಿದರೆ ಕ್ಯಾಸೆಟ್‌ನಲ್ಲಿ ಹ್ಯಾಟ್ರಿಕ್ ಇಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಮ್ಮ ನೋಡಿ, ರೆಕಾರ್ಡಿನ ಕೆಂಪು ದೀಪ ಉರಿಯುತ್ತಿಲ್ಲ ಅಂದ ಮೇಲೆ ಅಪ್ಪ ಮತ್ತೆ ರೆಕಾರ್ಡ್ ಹಾಕಿದ್ದು. ಗಾವಸ್ಕರ್ ಹೊಡೆದ ಸೆಂಚುರಿ ಇದೆ, ಅದು ಮಧ್ಯಾಹ್ನದ ಆಟ. ಹ್ಯಾಟ್ರಿಕ್ ಇಲ್ಲ.

ಅಪ್ಪ ಬಾಗಿಲಿಗೆ ಹೋದಾಗ ರಿಮೋಟ್ ಪಕ್ಕ ಕೂತಿದ್ದವನು ನಾನು. "ನೀನೇ ಸ್ಟಾಪ್ ಒತ್ತಿದ್ದು" ಅಂತ ಬೆನ್ನ ಮೇಲೆ ಎರಡು ಬಿತ್ತು. ನಾನು ಒತ್ತಿರಲಿಲ್ಲ. ನಮ್ಮನೆಯಲ್ಲಿ ಹಬ್ಬಕ್ಕೆ ಸೇರಿದಾಗಲೆಲ್ಲ ಈ ವಿಷಯ ಎದ್ದೇ ಏಳುತ್ತದೆ.

ಸೋಲ್ಡರ್ ಹೊಗೆ:
ಬಾಗಿಲಲ್ಲಿ ಎಷ್ಟು ಹೊತ್ತು ಮಾತಾಡಿದರು?

ಅಟ್ಟದ ಬೆಕ್ಕು:
ಅಪ್ಪ ಅಲ್ವಾ, ಕಾಲು ಗಂಟೆಗೆ ಕಮ್ಮಿ ಇಲ್ಲ.

ಸೋಲ್ಡರ್ ಹೊಗೆ:
ಹಾಗಾದರೆ ನೀವು ನಿರಪರಾಧಿ. ಪಾಸ್‌ನಲ್ಲಿ ಟೇಪ್ ನಿಂತಿದ್ದರೂ ಟೇಪ್ ಓದುವ, ಬರೆಯುವ ಹೆಡ್ ಡ್ರಮ್ ತಿರುಗುತ್ತಲೇ ಇರುತ್ತದೆ, ಒಂದೇ ಜಾಗಕ್ಕೆ ಉಜ್ಜಿ ಉಜ್ಜಿ ಟೇಪ್ ಸವೆಯುತ್ತದೆ. ಅದಕ್ಕೆ ಸುಮಾರು ಐದು ನಿಮಿಷ ಆದ ಮೇಲೆ ವಿಸಿಆರ್ ತಾನೇ ಸ್ಟಾಪ್ ಆಗುವ ಹಾಗೆ ಮಾಡಿರುತ್ತಾರೆ. ಸ್ಟಾಪ್ ಆದ ಮೇಲೆ ನಿಮ್ಮಪ್ಪ ಪಾಸ್ ಬಟನ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ವೈರ್ ರಿಮೋಟ್‌ನಲ್ಲಿ ದೀಪ ಇಲ್ಲ, ಅವರಿಗೆ ಗೊತ್ತಾಗಲು ದಾರಿ ಇರಲಿಲ್ಲ.

ವಠಾರದ ಹುಡುಗ:
38 ವರ್ಷದ ಕೇಸು ಖುಲಾಸೆ! ಅಪ್ಪನಿಗೆ ಈಗಲೇ ಓದಿ ಹೇಳಿ.

ಕುಂದಾಪ್ರ ಗಾಳಿ:
ನೀನೂ ಆ ಎದುರುಮನೆ ಯಜಮಾನರಿಗೆ ಫೋನ್ ಮಾಡು ಮಾರಾಯ.

ಅಟ್ಟದ ಬೆಕ್ಕು:
ಓದಿ ಹೇಳಿದೆ. ಅಪ್ಪನಿಗೆ ಈಗ 81. ಪೂರ್ತಿ ಕೇಳಿಸಿಕೊಂಡು, "ಯಾರೋ ಹಾಸನದವರು ಹೇಳಿದರೆ ಆಯ್ತಾ, ಹಾಗಿದ್ದರೆ ಕಂಪನಿಯವರು ಪುಸ್ತಕದಲ್ಲಿ ಬರೆಯಬೇಕಿತ್ತು" ಅಂದರು.

ಪಂಚೆ ಬಿಚ್ಚಿ ನೋಡಿದೆ, ವಿಸಿಆರ್ ಅಡಿಯಲ್ಲಿ ಪುಸ್ತಕ ಇತ್ತು. ಪಾಸ್ ಬಗ್ಗೆ ಇರುವ ಪುಟದಲ್ಲಿ ಐದು ನಿಮಿಷದ ವಿಷಯ ಸ್ಪಷ್ಟವಾಗಿ ಇದೆ. ಅದರ ಕೆಳಗೆ ಸ್ಕೇಲ್ ಇಟ್ಟು ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದಾರೆ, ಪಕ್ಕದಲ್ಲಿ ಅಪ್ಪನದೇ ದುಂಡು ಅಕ್ಷರ: "ಗಮನಿಸಿ". ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ, "ಆ ಬೆಲ್ಟ್ ಎಲ್ಲಿ ಸಿಗುತ್ತೆ ಅಂತ ಹಾಸನದವರನ್ನು ಕೇಳು" ಅಂದರು.